ಒಂದೇ ಟ್ರೇಯಲ್ಲಿಟ್ಟ ಎರಡು ಕರಡಿಗೆ

ಏನೂ ಇಲ್ಲದ ಎದೆಯ ಮೇಲೆ ತಪಾಸಣೆಯ ಯಂತ್ರ ಕೂಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಒಂದು ಸಲ ಅಲ್ಲ, ಮೂರು ಸಲ. ಆ ಎದೆ ನನ್ನ ಅವ್ವನದು. ಅದಾಗಿ ವರ್ಷ ಕಳೆದಿದೆ. ಈಗಲೂ ತರಗತಿಯಲ್ಲಿ ಯಾರದೋ ಕೈಗಡಿಯಾರ ಕೀಂ ಎಂದರೆ ಬೋರ್ಡಿನ ಮೇಲೆ ಬರೆಯುತ್ತಿದ್ದ ನನ್ನ ಕೈ ನಿಂತುಬಿಡುತ್ತದೆ.

ನವಲಗುಂದದ ಒಂದು ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳೂ ಹೇಳುತ್ತಾರೆ, ಜೊತೆಯ ಮಾಸ್ತರರೂ ಹೇಳುತ್ತಾರೆ. ಸುಳ್ಳಲ್ಲ. ಒಂದೇ ಲೆಕ್ಕಕ್ಕೆ ಈ ಕೋಣೆಯಲ್ಲೊಂದು ಉತ್ತರ, ಆ ಕೋಣೆಯಲ್ಲೊಂದು ಉತ್ತರ ಬಂದರೆ ನನಗೆ ತಡೆಯುವುದಿಲ್ಲ. ಅಂಥವಳು ಇಬ್ಬರು ಮುದುಕಿಯರನ್ನು ಕಟ್ಟಿಕೊಂಡು ನಾಲ್ಕು ಕಡೆಯ ವಿಮಾನ ನಿಲ್ದಾಣದ ತಪಾಸಣೆ ದಾಟಿ ಬಂದೆ. ದಾಟಿದ್ದು ಪೂರ್ತಿ ದಾಟಿದಂತೆ ಆಗಲಿಲ್ಲ, ಅದೇ ಈ ಕಥೆ.

ನಮ್ಮದು ಲಿಂಗ ಕಟ್ಟುವ ಮನೆತನ. ಅವ್ವ ಮತ್ತು ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಯರಗುಪ್ಪಿಯ ಒಂದೇ ಮನೆಗೆ ಸೊಸೆಯಂದಿರಾಗಿ ಬಂದವರು. ಅಣ್ಣನಿಗೆ ಅಕ್ಕ, ತಮ್ಮನಿಗೆ ತಂಗಿ. ಇಬ್ಬರಿಗೂ ಒಂದೇ ದಿನ, ಒಬ್ಬರೇ ಅಯ್ಯನವರಿಂದ ದೀಕ್ಷೆಯಾಗಿತ್ತು. ಲಿಂಗವನ್ನಿಡುವ ಬೆಳ್ಳಿಯ ಕರಡಿಗೆಗಳನ್ನು ಅಣ್ಣಿಗೇರಿಯ ಒಬ್ಬನೇ ಅಕ್ಕಸಾಲಿಗ ಮಾಡಿಕೊಟ್ಟಿದ್ದ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೋರಿಸಿದರೆ ಯಾರದು ಎಂದು ಹೇಳಲಾಗದಷ್ಟು ಒಂದೇ ತರಹ. ಮುಂಜಾನೆ ಸ್ನಾನವಾದ ಮೇಲೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ, ಆಮೇಲೆ ಮತ್ತೆ ಕರಡಿಗೆಯೊಳಗೆ, ಎದೆಯ ಮೇಲೆ. ಹೆರಿಗೆಯಲ್ಲೂ ಕೊರಳಿನಿಂದ ಬಿಚ್ಚಿದವರಲ್ಲ. ಮೈಮೇಲೆ ಲಿಂಗವಿಲ್ಲದಿದ್ದರೆ ನೀರು ಕುಡಿಯುವುದಿಲ್ಲ, ಉಗುಳು ಸಹ ನುಂಗುವುದಿಲ್ಲ. ಸತ್ತಾಗ ಅದೇ ಲಿಂಗವನ್ನು ಅಂಗೈಯಲ್ಲಿಟ್ಟು, ಕೂರಿಸಿ, ಮಣ್ಣು ಮಾಡಬೇಕು. ತನ್ನ ಲಿಂಗ ತನ್ನ ಕೈಯಲ್ಲೇ ಮಣ್ಣಿಗೆ ಹೋಗಬೇಕು ಎನ್ನುವುದೊಂದೇ ಇಬ್ಬರೂ ನನ್ನಿಂದ ಆಗಾಗ ಮಾತು ತೆಗೆದುಕೊಳ್ಳುತ್ತಿದ್ದ ವಿಷಯ. ನನ್ನ ಲಿಂಗ ಮಾತ್ರ ದೇವರ ಜಗಲಿಯ ಮೇಲೆ ಡಬ್ಬಿಯಲ್ಲಿದೆ, ಹಬ್ಬಕ್ಕೊಮ್ಮೆ ಹೊರಗೆ ಬರುತ್ತದೆ. ಅದಕ್ಕಾಗಿ ಬೈದು ಬೈದು ಇಬ್ಬರೂ ಸುಸ್ತಾಗಿದ್ದರು.

ಕಾಶಿಗೆ ಹೋಗಬೇಕೆಂದು ಇಬ್ಬರಿಗೂ ಬಹಳ ದಿನದ ಆಸೆ. ದೊಡ್ಡವ್ವನ ಎಡ ಮೊಣಕಾಲು ಹೋಗಿತ್ತು, ರೈಲಿನಲ್ಲಿ ಎರಡು ದಿನ ಆಗದ ಮಾತು. ನಾನೇ ಹಟ ಹಿಡಿದು ವಿಮಾನಕ್ಕೆ ಟಿಕೆಟ್ ತೆಗೆಸಿದೆ. ಇಬ್ಬರಿಗೂ ಹೊಸ ಸೀರೆ ತಂದೆ, ಕರಡಿಗೆ ಕಟ್ಟಿಕೊಳ್ಳಲು ಹೊಸ ಬಿಳಿ ಶಿವದಾರವನ್ನೂ ತಂದೆ. ಹಳೆಯ ದಾರಗಳಲ್ಲಿ ಒಂದು ಕೆಂಪಗಾಗಿತ್ತು, ಒಂದರಲ್ಲಿ ನಾಲ್ಕು ಗಂಟುಗಳಿದ್ದವು. ಅವನ್ನು ನಾನೇ ಒಲೆಗೆ ಹಾಕಿದೆ.

ನಮ್ಮ ಕಡೆಯ ಸಣ್ಣ ನಿಲ್ದಾಣದಲ್ಲಿ ಎಲ್ಲ ಸಲೀಸಾಗಿ ಆಯಿತು ಎಂದೇ ಹೇಳಬೇಕು. ಪರದೆಯ ಹಿಂದಿದ್ದ ಹುಡುಗಿ ನಮ್ಮ ಕಡೆಯವಳೇ. ಕೈಯಂತ್ರ ದೊಡ್ಡವ್ವನ ಎದೆಯ ಮೇಲೆ ಕೂಗಿದಾಗ ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಲಿಂಗ ಏನ್ರಿ ಅಜ್ಜಿ?"

"ಹೌದವಾ. ಬಿಚ್ಚಬೇಕೇನ?"

"ಬ್ಯಾಡ್ರಿ, ಬ್ಯಾಡ್ರಿ. ಹಂಗ ಹೋಗ್ರಿ."

ಆದರೆ ಚೀಲದಲ್ಲಿದ್ದ ಒಣಕೊಬ್ಬರಿಯ ಬಟ್ಟಲುಗಳನ್ನು ತೆಗೆದಿಟ್ಟರು. ಕೊಬ್ಬರಿ ಬೆಂಕಿ ಹಿಡಿಯುತ್ತದಂತೆ. ವಿಶ್ವನಾಥನಿಗೆಂದು ತಂದದ್ದು ಎಂದು ದೊಡ್ಡವ್ವ ರಂಪ ಮಾಡಿದಳು. "ಕೊಬ್ಬರಿ ಅಂದ್ರ ಬಾಂಬೇನೋ ಯಪ್ಪಾ?" ಎಂದು ದೊಡ್ಡ ದನಿಯಲ್ಲಿ ಕೇಳಿದಳು. ನಾನು ಅವಳ ಬಾಯಿಯ ಮೇಲೆ ಕೈಯಿಟ್ಟೆ. ಅವಳ ಎಲೆಅಡಿಕೆಯ ಚಂಚಿಯಲ್ಲಿ ಅಂಗೈ ಉದ್ದದ ಅಡಕತ್ತರಿ ಇತ್ತು, ಅದು ಯಂತ್ರದೊಳಗೆ ಹೋಗಿ ಆರಾಮಾಗಿ ಈಚೆ ಬಂತು. ಯಾರೂ ಕೇಳಲಿಲ್ಲ. ಕೊಬ್ಬರಿ ಅಪಾಯ, ಕತ್ತರಿ ಅಪಾಯವಲ್ಲ. ನಾನು ನಗುತ್ತಲೇ ವಿಮಾನ ಹತ್ತಿದೆ.

ನಡುವೆ ಇಳಿದು ಬೇರೆ ವಿಮಾನ ಹಿಡಿಯಬೇಕಾಗಿದ್ದ ದೊಡ್ಡ ಊರಿನಲ್ಲಿ ಮತ್ತೊಮ್ಮೆ ತಪಾಸಣೆ. ಅಲ್ಲಿ ನಗು ಹೋಯಿತು. ಆ ಹಜಾರಕ್ಕೆ ಹೊರಗಿನ ಬೆಳಕೇ ಇರಲಿಲ್ಲ. ಹಗಲೋ ಸಂಜೆಯೋ ತಿಳಿಯದ ಬಿಳಿಯ ಬೆಳಕು. ನೂರಾರು ಜನ ಬರಿಗಾಲಲ್ಲಿ, ಬೆಲ್ಟು ಬಿಚ್ಚಿ, ಮಾತಿಲ್ಲದೆ ಸರಿಯುತ್ತಿದ್ದರು. ಬೂದು ಬಣ್ಣದ ಟ್ರೇಗಳಲ್ಲಿ ಅವರ ಚಪ್ಪಲಿ, ವಾಚು, ಕನ್ನಡಕಗಳು ಅವರಿಗಿಂತ ಮುಂದೆ ಹೋಗುತ್ತಿದ್ದವು. ದೊಡ್ಡವ್ವ ನನ್ನ ಸೆರಗು ಹಿಡಿದಳು.

"ಇವ್ರೆಲ್ಲಾ ಯಾಕವಾ ಹಿಂಗ ಸುಮ್ಮ ಹೊಂಟಾರ? ಹೆಣದ ಹಿಂದ ಹೋದಂಗ?"

ನಮ್ಮ ಚೀಲದಿಂದ ವಿಭೂತಿಯ ಗಟ್ಟಿಯನ್ನು ಒಬ್ಬ ತೆಗೆದ, ಬಿಳಿಯ ಪಟ್ಟಿಯಿಂದ ಉಜ್ಜಿದ, ಪಟ್ಟಿಯನ್ನು ಯಂತ್ರದ ಬಾಯಿಗೆ ಕೊಟ್ಟು ಕಾದ. ಏನೂ ಆಗಲಿಲ್ಲ, ಮರಳಿ ಕೊಟ್ಟ. ಅದಾದ ಮೇಲೆ ಹೆಂಗಸೊಬ್ಬಳು ಇಬ್ಬರ ಎದೆಯ ಕಡೆ ಬೆರಳು ತೋರಿಸಿ, ಅದನ್ನು ಬಿಚ್ಚಿ ಟ್ರೇಯಲ್ಲಿ ಹಾಕಿ ಎಂದು ಹಿಂದಿಯಲ್ಲಿ ಹೇಳಿದಳು.

ನಾನು ವಾದಕ್ಕೆ ನಿಂತೆ. ಎರಡು ತಾಸಿನ ಹಿಂದೆ ಇನ್ನೊಂದು ನಿಲ್ದಾಣದಲ್ಲಿ ಬಿಟ್ಟರಲ್ಲ ಎಂದೆ. ಅಲ್ಲಿಯದು ಅಲ್ಲಿ, ಇಲ್ಲಿಯದು ಇಲ್ಲಿ ಎಂದಳು. ಪಕ್ಕದ ಸಾಲಿನಲ್ಲಿ ಕೊರಳ ತುಂಬ ಬಂಗಾರ ಹಾಕಿಕೊಂಡವಳೊಬ್ಬಳು ಹಾಗೆಯೇ ಹೋದಳು, ತೋರಿಸಿದೆ. ತಪಾಸಣೆಯವಳು ಆ ಕಡೆ ನೋಡಲೂ ಇಲ್ಲ. ಹಿಂದೆ ನಿಂತವರು ಗೊಣಗತೊಡಗಿದರು. ನಮ್ಮ ವಿಮಾನಕ್ಕೆ ನಲವತ್ತು ನಿಮಿಷ ಉಳಿದಿತ್ತು.

ದೊಡ್ಡವ್ವ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಹಿಂದಕ್ಕೆ ಸರಿದಳು. "ನಾ ಬಿಚ್ಚಾಂಗಿಲ್ಲ. ಕಾಶಿ ಬ್ಯಾಡ ನನಗ. ಊರಿಗೆ ಹೋಗೂಣು ನಡಿ."

ಅಲ್ಲಿಂದ ತಿರುಗಿ ಹೋಗಿದ್ದರೆ ಆಗುತ್ತಿತ್ತು. ಆಗ ನನಗೆ ಸಿಟ್ಟು ಬಂದಿದ್ದು ಆ ಹೆಂಗಸಿನ ಮೇಲಲ್ಲ, ಇವರ ಮೇಲೆ. "ಐದು ನಿಮಿಷದ ಮಾತು ದೊಡ್ಡವ್ವ, ಏನೂ ಆಗಂಗಿಲ್ಲ. ನಾ ಅದೀನಲ್ಲ!" ಎಂದು ಗದರಿದೆ. ಗದರಿ, ನನ್ನ ಕೈಯಿಂದಲೇ ದೊಡ್ಡವ್ವನ ಶಿವದಾರದ ಗಂಟು ಬಿಚ್ಚಿದೆ. ಆಮೇಲೆ ಅವ್ವನದು. ಅವ್ವ ತಡೆಯಲಿಲ್ಲ, ಕಣ್ಣು ಮುಚ್ಚಿಕೊಂಡಳು. ದೊಡ್ಡವ್ವ ತುಟಿ ಬಿಗಿಹಿಡಿದಿದ್ದಳು, ಉಗುಳು ನುಂಗಬಾರದಲ್ಲ. ಎರಡೂ ಕರಡಿಗೆಗಳನ್ನು ಒಂದೇ ಟ್ರೇಯಲ್ಲಿಟ್ಟೆ, ಎಡಕ್ಕೆ ಅವ್ವನದು, ಬಲಕ್ಕೆ ದೊಡ್ಡವ್ವನದು. ಎಡ ಅವ್ವ, ಬಲ ದೊಡ್ಡವ್ವ ಎಂದು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ.

ಟ್ರೇ ಕಾಯಬೇಕೆಂದು ನಾನೇ ಮೊದಲು ತಪಾಸಣೆ ಮುಗಿಸಿ ಆ ಕಡೆಗೆ ಹೋಗಿ ನಿಂತಿದ್ದೆ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಕೀಂ ಎಂಬ ಸದ್ದು. ಹೆಂಗಸು ಹೊರಗೆ ತಲೆ ಹಾಕಿ ನನ್ನನ್ನು ಕರೆದಳು. ಒಳಗೆ ಅವ್ವ ಮಣೆಯ ಮೇಲೆ ಕೈ ಅಗಲಿಸಿ ನಿಂತಿದ್ದಳು. ಕೈಯಂತ್ರವನ್ನು ಎದೆಯ ನಡುವೆ, ಕರಡಿಗೆ ಇರುತ್ತಿದ್ದ ಜಾಗಕ್ಕೆ ತಂದರೆ ಕೂಗುತ್ತಿತ್ತು. ಅಲ್ಲೇನೂ ಇರಲಿಲ್ಲ. ಅಪ್ಪ ಹೋದ ಮೇಲೆ ತಾಳಿಯೂ ಇಲ್ಲ. ಹೆಂಗಸು ಕೈಯಿಂದ ತಡವಿದಳು, ಕುಪ್ಪಸದ ಗುಂಡಿಗಳನ್ನು ನೋಡಿದಳು, ಬಟ್ಟೆಯ ಗುಂಡಿಗಳು. ಇನ್ನೊಮ್ಮೆ ತಂದಳು, ಇನ್ನೊಮ್ಮೆ ಕೂಗಿತು. ಪಕ್ಕದ ಮೇಜಿನಿಂದ ಬೇರೊಂದು ಯಂತ್ರ ತಂದಳು. ಅದೂ ಕೂಗಿತು. ಅವಳ ಮುಖದಲ್ಲಿದ್ದ ಗತ್ತು ಹೋಗಿ ಬೇರೇನೋ ಬಂತು. ಮಷೀನು ಕೆಟ್ಟಿದೆ, ಹೋಗಿ ಹೋಗಿ ಎಂದು ಅವಸರದಲ್ಲಿ ಚೀಟಿಗೆ ಸಿಕ್ಕೆ ಹೊಡೆದಳು. ಆ ಕೆಟ್ಟ ಮಷೀನು ಹಿಂದೆಯೇ ಬಂದ ದೊಡ್ಡವ್ವನ ಮೈಮೇಲೆ ಒಂದು ಸಲವೂ ಸದ್ದು ಮಾಡಲಿಲ್ಲ.

ನಾನು ಬೆಲ್ಟಿನ ಹತ್ತಿರ ಓಡಿ ಬಂದಾಗ ನಮ್ಮ ಟ್ರೇ ಅಲ್ಲಿರಲಿಲ್ಲ. ಅದನ್ನು ತಿರುಗಿ ಯಂತ್ರಕ್ಕೆ ಹಾಕಿ, ಈಚೆ ತೆಗೆದು, ಬೇರೆ ಮೇಜಿನ ಮೇಲೆ ಇಟ್ಟಿದ್ದರು. ಎರಡೂ ಕರಡಿಗೆಗಳ ಮುಚ್ಚಳ ತೆರೆದಿತ್ತು. ಕೈಗವಸು ಹಾಕಿದ ಒಬ್ಬ ಬಗ್ಗಿ ನೋಡುತ್ತಿದ್ದ. ಈ ಕಪ್ಪು ಕಲ್ಲು ಏನು ಎಂದು ಕೇಳಿದ. ದೇವರು ಎಂದೆ. ತಪ್ಪಾಯಿತು ಎನ್ನುವಂತೆ ಕೈ ಹಿಂದೆ ತೆಗೆದುಕೊಂಡ, ಒಯ್ಯಿರಿ ಎಂದ. ನಾನು ಗಡಿಬಿಡಿಯಲ್ಲಿ ಮುಚ್ಚಳ ಹಾಕಿದೆ. ಎಡಗಡೆಯದನ್ನು ಅವ್ವನಿಗೆ ಕಟ್ಟಿದೆ, ಬಲಗಡೆಯದನ್ನು ದೊಡ್ಡವ್ವನಿಗೆ. ನೀರು ಕುಡಿಸಿದೆ.

"ಯಾರರೆ ಮುಟ್ಟಿದ್ರೇನ?" ಅವ್ವ ಕೇಳಿದಳು.

"ಯಾರೂ ಮುಟ್ಟಿಲ್ಲಬೇ."

ಸುಳ್ಳು ಹೇಳಿದೆ, ಹೇಳಿ ನಿಶ್ಚಿಂತಳಾದೆ. ಆ ಟ್ರೇಯನ್ನು ತಿರುಗಿಸಿ ಇಟ್ಟಿದ್ದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ನಾನೇ ಕಾಗದ ತಿರುಗಿಸಿ ತೋರಿಸಿ ಕಲಿಸುವ ಪಾಠ ಅದು. ಆ ಹೊತ್ತಿನಲ್ಲಿ ಅದು ನನ್ನ ತಲೆಗೆ ಬರಲೇ ಇಲ್ಲ.

ಕಾಶಿಯಲ್ಲಿ ಮೂರು ದಿನ ಇದ್ದೆವು. ಮೊದಲ ದಿನ ಮುಂಜಾನೆ ನಾನು ಸ್ನಾನ ಮುಗಿಸಿ ಕೋಣೆಗೆ ಬಂದಾಗ ಇಬ್ಬರೂ ಪೂಜೆಗೆ ಕುಳಿತಿದ್ದರು. ಇಬ್ಬರ ಎಡ ಅಂಗೈ ತೆರೆದಿತ್ತು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ಇಬ್ಬರೂ ಕಣ್ಣು ತಗ್ಗಿಸಿ ಪೂಜೆ ಮುಂದುವರಿಸಿದರು. ಆ ದಿನ ಗಂಗೆಯ ದಂಡೆಯಲ್ಲಿ ದೊಡ್ಡವ್ವ ಒಂದು ಮಾತೂ ಆಡಲಿಲ್ಲ. ಊರು ಬಿಟ್ಟಾಗಿನಿಂದ ಬಾಯಿ ಮುಚ್ಚದವಳು ಹೀಗೇಕಾದಳು ಎಂದುಕೊಂಡೆ, ದಣಿವು ಎಂದುಕೊಂಡೆ. ಮರಳಿ ಬರುವಾಗ ಎರಡೂ ಕಡೆಯ ತಪಾಸಣೆಯಲ್ಲಿ ಕರಡಿಗೆಗಳು ಎದೆಯ ಮೇಲೆಯೇ ಇದ್ದವು. ಕೈಯಂತ್ರವನ್ನು ಇಬ್ಬರ ಮೈಮೇಲೂ ಆಡಿಸಿದರು, ಬೆಳ್ಳಿಯ ಮೇಲೆಯೇ ಆಡಿಸಿದರು. ಒಂದು ಕಡೆಯೂ ಕೂಗಲಿಲ್ಲ.

ಊರಿಗೆ ಬಂದ ಮೇಲೆ ಆದದ್ದನ್ನು ಹೇಳಿದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಯರಗುಪ್ಪಿಯ ಮನೆಯ ಎಮ್ಮೆ ಅವ್ವನ ಕೈಗಲ್ಲದೆ ಬೇರೆ ಯಾರಿಗೂ ಹಾಲು ಕೊಟ್ಟಿದ್ದಿಲ್ಲ. ನಾವು ಬಂದ ಮರುದಿನ ಅವ್ವ ಚರಿಗೆ ಹಿಡಿದು ಕುಳಿತರೆ ಒದ್ದು ಹಿಂದಕ್ಕೆ ಸರಿಯಿತು. ಏನಾಯಿತೆಂದು ನೋಡಲು ದೊಡ್ಡವ್ವ ಬಂದಳು, ಅವಳ ಕೈ ಮೂಸಿ ಸುಮ್ಮನೆ ನಿಂತಿತು. ಅಂದಿನಿಂದ ದೊಡ್ಡವ್ವನೇ ಹಿಂಡಿದಳು. ನಾನು ಪ್ರತಿ ರವಿವಾರ ಊರಿಗೆ ಹೋಗುತ್ತಿದ್ದೆ. ಒಂದು ರವಿವಾರ ಅವ್ವ ಎಡಗಾಲು ಎಳೆಯುತ್ತ ಅಂಗಳ ದಾಟುವುದನ್ನು ಕಂಡೆ. ದೊಡ್ಡವ್ವ ಮೊಣಕಾಲಿನ ನೋವಿನ ಮಾತನ್ನೇ ಬಿಟ್ಟಿದ್ದಳು. ಇನ್ನೊಂದು ರವಿವಾರ ಊಟಕ್ಕೆ ಕುಳಿತಾಗ, ಹಸಿ ಉಳ್ಳಾಗಡ್ಡಿಯ ವಾಸನೆಗೇ ಏಳುತ್ತಿದ್ದ ಅವ್ವ ಅದನ್ನು ಗುದ್ದಿ ರೊಟ್ಟಿಯ ಜೊತೆ ಕಚ್ಚಿ ತಿನ್ನುತ್ತಿದ್ದಳು. ಅದಿಲ್ಲದೆ ಊಟಕ್ಕೇ ಕೂಡದಿದ್ದ ದೊಡ್ಡವ್ವ ತನ್ನ ತಾಟಿನಲ್ಲಿದ್ದುದನ್ನು ಬೆರಳಿನಿಂದ ಬದಿಗೆ ಸರಿಸಿ, ಯಾರೂ ನೋಡಲಿಲ್ಲ ತಾನೇ ಎಂಬಂತೆ ಸುತ್ತಲೂ ನೋಡಿದಳು.

ನಾನು ಇದಕ್ಕೆಲ್ಲ ಕಾರಣ ಹುಡುಕಿದೆ. ಎಮ್ಮೆಗೆ ನಾಲ್ಕು ದಿನ ಅವ್ವನ ಸುಳಿವಿಲ್ಲದೆ ಗೊಂದಲವಾಗಿದೆ. ಅವ್ವನಿಗೂ ವಯಸ್ಸಾಯಿತು, ಮೊಣಕಾಲು ಹೋಗುವುದೇ. ವಯಸ್ಸಾದರೆ ನಾಲಿಗೆಯ ರುಚಿ ಬದಲಾಗುತ್ತದೆ. ಒಂದೊಂದಕ್ಕೂ ಉತ್ತರವಿತ್ತು. ಎಲ್ಲವನ್ನೂ ಕೂಡಿಸಿದರೆ ಮಾತ್ರ ಹೆದರಿಕೆ ಬರುತ್ತಿತ್ತು. ಅದಕ್ಕೇ ನಾನು ಕೂಡಿಸಲು ಹೋಗಲಿಲ್ಲ.

ಕಾಶಿಯಿಂದ ಬಂದು ನಾಲ್ಕು ತಿಂಗಳಾಗಿತ್ತು, ಹತ್ತಿ ಬಿಡಿಸುವ ದಿನಗಳು. ಮುಂಜಾನೆ ಎರಡನೆಯ ಪಿರಿಯಡ್ಡಿನಲ್ಲಿ ದೊಡ್ಡವ್ವನ ಮಗ ಫೋನು ಮಾಡಿದ. ನನಗೆ ಅಣ್ಣನಾಗಬೇಕಾದವನು, ಮನೆಯ ಹೊಲ ನೋಡಿಕೊಳ್ಳುವವನು. "ಅವ್ವ ಪೂಜಾಕ್ಕ ಕುಂತಾಕಿ ಏಳಲಿಲ್ಲವಾ" ಎಂದ. ಬಸ್ಸು ಬದಲಿಸಿ ಯರಗುಪ್ಪಿ ತಲುಪುವಷ್ಟರಲ್ಲಿ ಮಧ್ಯಾಹ್ನ. ದೊಡ್ಡವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು. ಎಡ ಅಂಗೈಯಲ್ಲಿ ಲಿಂಗ ಹಾಗೆಯೇ ಇತ್ತು. ಪೂಜೆಯಲ್ಲಿ ಇಟ್ಟುಕೊಂಡದ್ದನ್ನು ಯಾರೂ ತೆಗೆದಿರಲಿಲ್ಲ. ಊರ ಅಯ್ಯನವರು ಅದರ ಮೇಲೆ ಬಿಲ್ವಪತ್ರೆ ಏರಿಸುತ್ತಿದ್ದರು.

ನಾನು ಪಾದ ಮುಟ್ಟಲು ಬಗ್ಗಿದೆ, ಲಿಂಗ ಕಣ್ಣಿಗೆ ಬಿತ್ತು. ಅವ್ವನ ಲಿಂಗ ನನಗೆ ಗೊತ್ತು. ಚಿಕ್ಕವಳಿದ್ದಾಗ ಅವಳ ತೊಡೆಗೆ ಆತು ಕುಳಿತು ದಿನಾ ನೋಡಿದ್ದು. ಒಂದು ಬದಿಗೆ ಅದು ಸ್ವಲ್ಪ ಚಪ್ಪಟೆ. ಅವ್ವನ ಹೆಬ್ಬೆರಳು ಅಲ್ಲಿಯೇ ಕೂರುತ್ತಿತ್ತು. ಸತ್ತ ದೊಡ್ಡವ್ವನ ಕೈಯಲ್ಲಿ ಇದ್ದದ್ದು ಅದು. ದೊಡ್ಡ ಊರಿನ ಮೇಜು, ತೆರೆದ ಮುಚ್ಚಳ, ತಿರುಗಿದ ಟ್ರೇ ಎಲ್ಲ ಒಮ್ಮೆಲೇ ತಿಳಿಯಿತು.

ಅವ್ವ ಕಂಬದ ಬಾಜು ಕುಳಿತಿದ್ದಳು, ಕೈ ತನ್ನ ಕರಡಿಗೆಯ ಮೇಲಿತ್ತು. ನಾನು ತೆವಳಿಕೊಂಡು ಹೋಗಿ ಅವಳ ಕಿವಿಯಲ್ಲಿ ಹೇಳಿದೆ.

"ಅವ್ವಾ, ದೊಡ್ಡವ್ವನ ಕೈಯಾಗ ಇರೂದು ನಿಂದೈತಿ."

"ಸುಮ್ಮನಿರು."

"ಇನ್ನೂ ವ್ಯಾಳೆ ಐತಿ. ಅಯ್ಯನವರಿಗೆ ನಾ ಹೇಳ್ತೀನಿ. ಮಣ್ಣಾಗ ಹೋದ್ರ ಮುಗೀತು, ಮತ್ತ ಸಿಗಂಗಿಲ್ಲ."

"ಸುಮ್ಮನಿರು ಅಂದ್ನೆಲ್ಲ. ಮಂದಿ ಅದಾರ."

ಅವಳು ನನ್ನ ಮಣಿಕಟ್ಟು ಹಿಡಿದ ಬಿಗಿಗೆ ಮೂರು ದಿನ ಕಲೆ ಉಳಿದಿತ್ತು. ಸಂಜೆಯಾಗುವುದರೊಳಗೆ ಹೊಲದ ಕರಿಮಣ್ಣಿನಲ್ಲಿ ತೆಗೆದ ಕುಣಿಯೊಳಗೆ ದೊಡ್ಡವ್ವನನ್ನು ಕೂರಿಸಿದರು. ಉಪ್ಪು, ವಿಭೂತಿ, ಪತ್ರೆ ಹಾಕಿದರು. ಅಂಗೈ ಮುಚ್ಚುವವರೆಗೂ ಅವ್ವ ಮೇಲಿನಿಂದ ನೋಡುತ್ತ ನಿಂತಿದ್ದಳು. ತನ್ನ ಲಿಂಗ ಮಣ್ಣಿಗಿಳಿಯುವುದನ್ನು ತಾನೇ ನಿಂತು ನೋಡಿದ ಬೇರೆ ಯಾರನ್ನೂ ನಾನು ಕಂಡಿಲ್ಲ. ನನಗೆ ಅಳು ಬರಲಿಲ್ಲ.

ಬಂದವರೆಲ್ಲ ಹೋದ ಮೇಲೆ, ನಾಲ್ಕನೆಯ ದಿನ ಮುಂಜಾನೆ, ಅವ್ವ ಪೂಜೆಗೆ ಕುಳಿತಾಗ ಎದುರಿಗೆ ಹೋಗಿ ಕುಳಿತೆ. ಅವಳ ಅಂಗೈಯಲ್ಲಿದ್ದದ್ದು ದುಂಡಗಿನ ಲಿಂಗ, ದೊಡ್ಡವ್ವನದು. ನಾನು ಎಲ್ಲ ಒಪ್ಪಿಕೊಂಡೆ. ಟ್ರೇ ತಿರುಗಿದ್ದು, ಮುಚ್ಚಳ ತೆರೆದಿದ್ದು, ಯಾರೂ ಮುಟ್ಟಿಲ್ಲ ಎಂದು ಸುಳ್ಳು ಹೇಳಿದ್ದು. ಅವ್ವ ಪತ್ರೆ ಏರಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಯಾವಾಗ ಗೊತ್ತಾತು ನಿಮಗ?" ಎಂದು ಕೇಳಿದೆ.

"ಕಾಶ್ಯಾಗ, ಮೊದಲನೇ ದಿನಾನ. ಅಂಗೈಯಾಗ ಇಟ್ಕೊಂಡ ಕೂಡ್ಲೆ. ಅಕ್ಕಗೂ ಗೊತ್ತಾತು."

"ಆವಾಗ ಬದಲ ಮಾಡ್ಕೊಂಡಿದ್ರ ಆಗತಿತ್ತಲ್ಲಬೇ! ನನಗರೆ ಹೇಳಬೇಕಾಗಿತ್ತು."

"ನಾ ಅಂದೆ. ಅಕ್ಕ ಒಲ್ಲೆ ಅಂದ್ಲು. ಒಮ್ಮೆ ಬಿಚ್ಚಿದ್ದ ಸಾಕಾಗೇತಿ ತಂಗಿ, ಇನ್ನೊಮ್ಮೆ ನಾ ಬಿಚ್ಚಾಂಗಿಲ್ಲ ಅಂದ್ಲು. ಹುಡುಗಿ ಕೈಯಾರೆ ಕಟ್ಯಾಳ, ನೀರ ಕುಡಿಸ್ಯಾಳ, ಅಕಿಗೆ ಹೇಳಬ್ಯಾಡ, ಜೀವಕ್ಕ ಹಚ್ಚಿಕೋತಾಳ ಅಂದ್ಲು. ನಾ ಆಣಿ ಮಾಡಿದ್ನಿ."

ನಾನು ಬಿಕ್ಕಿ ಬಿಕ್ಕಿ ಅತ್ತೆ. ನಾಲ್ಕು ದಿನದ್ದು, ನಾಲ್ಕು ತಿಂಗಳದ್ದು ಎಲ್ಲ ಅತ್ತೆ. ಅವ್ವ ಸಮಾಧಾನ ಮಾಡಲಿಲ್ಲ. ಲಿಂಗವನ್ನು ಕರಡಿಗೆಯಲ್ಲಿಟ್ಟು, ದಾರವನ್ನು ಕೊರಳಿಗೆ ಹಾಕಿಕೊಂಡು, ಸೆರಗು ಹೊದ್ದಳು. ಆಮೇಲೆ ಅಂಗಳದ ಕಡೆ ನೋಡುತ್ತ ಸಣ್ಣ ದನಿಯಲ್ಲಿ ಮಾತಾಡಿದಳು.

"ಅವತ್ತ ಮುಂಜಾನೆ ಬಂದಿದ್ದು ನನ್ನ ಒಯ್ಯಾಕ. ಅಕ್ಕನ ಕೈಯಾಗ ನಂದು ಇತ್ತು. ಅದಕ್ಕ ಅಕಿನ್ನ ಒಯ್ತು."

ಹುಚ್ಚು ಮಾತು ಎಂದು ಗದರಬೇಕಿತ್ತು. ಗದರುವುದು ನನಗೆ ಹೊಸದಲ್ಲ. ಆದರೆ ನನ್ನೊಳಗೆ ಆದದ್ದು ಬೇರೆ. ಹಾಗಾದರೆ ಅವ್ವ ಉಳಿದಳು ಎಂದು ಜೀವ ಹಿಗ್ಗಿತು. ಅವಳ ಕೈ ಹಿಡಿದುಕೊಂಡೆ, ಬೆಚ್ಚಗಿತ್ತು, ಆ ಬಿಸಿ ಹಿತವಾಗಿತ್ತು. ನನ್ನನ್ನು ಎತ್ತಿ ಆಡಿಸಿದ ದೊಡ್ಡವ್ವ ಮಣ್ಣು ಸೇರಿ ನಾಲ್ಕು ದಿನವಷ್ಟೇ ಆಗಿತ್ತು. ನನಗೆ ಸಂತೋಷವಾಗಿತ್ತು.

ಅವ್ವ ತಿರುಗಿ ನನ್ನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಎದ್ದು ಒಳಗೆ ಹೋದಳು.